ಫೋನಿಗೆ ಗೊತ್ತಾಗದ ಹಾಗೆ ಎತ್ತು ತಂದದ್ದು

ನಮ್ಮ ಮನೆಯಲ್ಲಿ ಯಾವುದೂ ಸುಮ್ಮನೆ ನಡೆಯುವುದಿಲ್ಲ. ಬೇರೆಯವರ ಮನೆಯಲ್ಲಿ ಫೋನ್ ಕೆಟ್ಟರೆ ರಿಪೇರಿಗೆ ಹೋಗುತ್ತದೆ, ನಮ್ಮಲ್ಲಿ ಫೋನ್ ನೆಟ್ಟಗೆ ನಡೆದರೇ ನನಗೆ ಸಂಶಯ ಬರುತ್ತದೆ. ನಾನು ಬಬಲೇಶ್ವರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಮನೆ ವಿಜಯಪುರದ ಜಲನಗರದಲ್ಲಿ. ಸಂಶಯ ನನ್ನ ಹುಟ್ಟುಗುಣವಂತೆ. ಚಿಕ್ಕವನಿದ್ದಾಗ ಹೋಳಿಗೆ ಕೊಟ್ಟರೆ ಒಳಗೆ ಹೂರಣ ಇದೆಯೋ ಇಲ್ಲವೋ ಎಂದು ಬಿಡಿಸಿ ನೋಡಿದ ಮೇಲೆಯೇ ಬಾಯಿಗಿಡುತ್ತಿದ್ದೆ ಎಂದು ನಮ್ಮವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಅಂಥವನ ಕೈಗೆ ಸ್ಮಾರ್ಟ್‌ಫೋನ್ ಬಂದರೆ ಏನಾಗಬೇಕೋ ಅದೇ ಆಗಿದೆ.

ಬೀಗರ ನಂಬರು

ಎಲ್ಲ ಶುರುವಾದದ್ದು ಒಂದು ಬ್ಯಾಟರಿಯಿಂದ. ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಅನ್ನುತ್ತೇವೆ. ಒಂದು ಸಂಜೆ ಕರೆಂಟು ಹೋಯಿತು. ಹೆಂಡತಿ ತನ್ನ ಫೋನಿನಲ್ಲಿ ಯಾರೋ ಹಾಕಿಕೊಟ್ಟಿದ್ದ ಬ್ಯಾಟರಿ ಆ್ಯಪ್ ಒತ್ತಿದಳು. ಅದು ಬೆಳಕು ಬಿಡುವ ಮೊದಲು ಅಪ್ಪಣೆ ಕೇಳತೊಡಗಿತು. ಕ್ಯಾಮೆರಾ ನೋಡಲೇ? ಮೈಕು ಕೇಳಲೇ? ನೀವು ಎಲ್ಲಿದ್ದೀರಿ ತಿಳಿದುಕೊಳ್ಳಲೇ? ಕೊನೆಗೆ, ನಿಮ್ಮ ಪರಿಚಯದವರ ನಂಬರುಗಳನ್ನು ಓದಲೇ?

"ಬೆಳಕ ಬಿಡಾಕ ಇದಕ್ಕ ನಮ್ಮ ಬೀಗರ ನಂಬರ ಯಾಕ ಬೇಕು?" ಎಂದೆ.

"ಹೌದು ಅನ್ರಿ, ಒಲಿ ಮ್ಯಾಲೆ ಹಾಲ ಇಟ್ಟೇನಿ."

"ನಾ ಒಲ್ಲೆ. ಇಂದ ಬೀಗರ ನಂಬರ ಕೇಳತೈತಿ, ನಾಳೆ ಬೀಗರನ್ನ ಕೇಳತೈತಿ."

ಬೇಡ ಎಂದು ಒತ್ತಿದೆ. ಬ್ಯಾಟರಿಯೂ ಹಟಮಾರಿ, ಹತ್ತಲಿಲ್ಲ. ಹಾಲು ಉಕ್ಕಿ ಒಲೆ ಆರಿತು. ಕತ್ತಲಲ್ಲಿ ಹೆಂಡತಿಯ ದನಿ ಮಾತ್ರ ಕೇಳಿಸಿತು: "ನಂಬರ ಕೊಟ್ಟಬಿಡ್ರಿ ಅದಕ್ಕ. ನಮ್ಮ ಬೀಗರು ಹೆಂಗೂ ಯಾರ ಫೋನೂ ಎತ್ತೂದಿಲ್ಲ."

ಕಣ್ಣ ಮುಂದಿನ ರೊಟ್ಟಿ

ಅಂದಿನಿಂದ ನಾನು, ಒಳಗಿನ ಕೋಡನ್ನು ಎಲ್ಲರಿಗೂ ಬಿಚ್ಚಿಡುವ ಓಪನ್ ಸೋರ್ಸ್ ಆ್ಯಪುಗಳ ಹಿಂದೆ ಬಿದ್ದೆ. ಫೋನಿನಲ್ಲಿದ್ದ ಹಳೆಯ ಆ್ಯಪುಗಳನ್ನು ಒಂದೊಂದಾಗಿ ಓಡಿಸಿ, ಕೀಬೋರ್ಡು, ನಕ್ಷೆ, ಗಡಿಯಾರ, ಮೆಸೇಜು, ಎಲ್ಲವನ್ನೂ ಹೊಸದಾಗಿ ತಂದು ಕೂರಿಸಿದೆ. ಹೆಂಡತಿಗೆ ತಿಳಿಸಿ ಹೇಳಬೇಕಲ್ಲ.

"ನೋಡು, ಇದು ಖಾನಾವಳಿ ಇದ್ದಂಗ. ನಮ್ಮ ಕಣ್ಣ ಮುಂದನ ರೊಟ್ಟಿ ಬಡೀತಾರ. ಹಿಟ್ಟಿನಾಗ ಏನ ಕಲಸಿದ್ರು ಅಂತ ಯಾರ ಬೇಕಾದ್ರೂ ನೋಡಬಹುದು. ಮುಚ್ಚಿದ ಬಾಗಲದ ಹಿಂದ ಮಾಡಿ ತಂದ ಕೊಟ್ರ ಅದನ್ನ ಹೆಂಗ ನಂಬೂದು?"

ಅವಳಿಗೆ ಈ ಮಾತು ಹಿಡಿಸಿತು. "ಹಂಗಾದ್ರ ನೀವು ಇದರ ಕೋಡ್ ಎಲ್ಲಾ ಓದಿ ನೋಡೀರಿ?" ಎಂದಳು.

"ನನಗೆಲ್ಲಿ ತಿಳೀತೈತಿ ಅದು."

"ಮತ್ತ ಯಾರ ಓದ್ಯಾರ?"

"ಯಾರರೆ ಓದಿರತಾರ. ಜಗತ್ತಿನಾಗ ಭಾಳ ಮಂದಿ ಇದ್ದಾರ."

"ಅವರ ಗುರುತು ಐತೇನು ನಿಮಗ?"

"ಇಲ್ಲ."

ಅವಳು ಲಟ್ಟಣಿಗೆ ಕೆಳಗಿಟ್ಟಳು. "ಗುರುತಿಲ್ಲದ ಮಂದಿ ಮ್ಯಾಲೆ ಇಷ್ಟ ನಂಬಿಗಿ! ನಿನ್ನೆ ನಾ ಮಾಡಿದ ಪಲ್ಯಾದಾಗ ಉಪ್ಪ ಹಾಕೇನಿ ಅಂದ್ರ, ನೀವು ಮೊದಲ ನೆಕ್ಕಿ ನೋಡಿ ಉಂಡ್ರಿ."

ದಿಲ್ಲಿಯ ರಾಹುಕಾಲ

ಆಮೇಲೆ ಟ್ರ್ಯಾಕರುಗಳನ್ನು ತಡೆಯುವ ಒಂದು ಆ್ಯಪ್ ಸಿಕ್ಕಿತು. ಫೋನಿನಲ್ಲಿ ಯಾವ ಆ್ಯಪ್ ಕದ್ದುಮುಚ್ಚಿ ಯಾರಿಗೆ ಸುದ್ದಿ ಮುಟ್ಟಿಸುತ್ತಿದೆ ಎಂದು ಅದು ತೋರಿಸುತ್ತದೆ, ಹಾದಿಗೆ ಅಡ್ಡ ನಿಂತು ತಡೆಯುತ್ತದೆ. ಅದನ್ನು ನೋಡುವುದೇ ನನಗೊಂದು ಚಟವಾಯಿತು. ಸ್ಟಾಫ್ ರೂಮಿನಲ್ಲಿ ಎಲ್ಲರ ಫೋನು ಕೇಳಿ ಇಸಿದುಕೊಂಡು ತಪಾಸಣೆ ಮಾಡತೊಡಗಿದೆ. ನನ್ನನ್ನು ಕಂಡರೆ ಸಹಶಿಕ್ಷಕರು ಫೋನು ಕಿಸೆಗೆ ಹಾಕಿಕೊಳ್ಳುತ್ತಿದ್ದರು.

ಒಮ್ಮೆ ಹೆಡ್ ಮಾಸ್ತರರ ಫೋನು ಸಿಕ್ಕಿತು. ಅವರ ಪಂಚಾಂಗದ ಆ್ಯಪೇ ದೊಡ್ಡ ಚಾಡಿಕೋರ ಎಂದು ಗೊತ್ತಾಯಿತು.

"ಸರ್, ನೀವು ಎಲ್ಲಿದ್ದೀರಿ ಅಂತ ಇದು ಪರದೇಶದ ಜಾಹೀರಾತಿನವರಿಗೆ ಹೇಳಾಕತ್ತೈತಿ!"

ಅವರು ಗಾಬರಿಯಾಗಲಿಲ್ಲ. "ಪಾಪ, ಅವರಿಗೂ ರಾಹುಕಾಲ ಬೇಕಾಗಿರತೈತಿ" ಎಂದರು.

ನಾನು ಬಿಡುವವನೇ? ಟ್ರ್ಯಾಕರುಗಳನ್ನು ಕಟ್ಟಿಹಾಕಿದೆ, ಜೊತೆಗೆ ಪಂಚಾಂಗಕ್ಕೆ ಊರು ತಿಳಿಯದ ಹಾಗೆ ಲೊಕೇಶನ್ನೂ ಮುಚ್ಚಿದೆ. ಮರುದಿನ ಹೆಡ್ ಮಾಸ್ತರರು ಮುಖ ಗಂಟು ಹಾಕಿಕೊಂಡು ಬಂದರು.

"ಮಾಸ್ತರ, ಮೊದಲ ಹೆಂಗಿತ್ತೋ ಹಂಗ ಮಾಡಿ ಕೊಡ್ರಿ. ಊರ ತಿಳೀಲಾರದಕ್ಕ ಅದು ದಿಲ್ಲಿ ಪಂಚಾಂಗ ತೋರಸಾಕತ್ತೈತಿ. ರಾಹುಕಾಲ ದಿಲ್ಲಿಯೊಳಗ, ಹೊರಗ ಹೋಗದಂಗ ಕುಂತಾವ ನಾ ಬಬಲೇಶ್ವರದಾಗ!"

ಜೋಳದ ಡಬ್ಬಿ

ಈಗ ನಮ್ಮ ಮಾವನವರ ವಿಷಯಕ್ಕೆ ಬರಬೇಕು. ನನ್ನ ಹೆಂಡತಿಯ ತಂದೆ ಮಮದಾಪುರದ ರೈತರು. ಸುತ್ತಲೆಲ್ಲ ಟ್ರ್ಯಾಕ್ಟರ್ ಬಂದರೂ ಒಂದು ಜೋಡಿ ಖಿಲಾರಿ ಎತ್ತು ಬಿಟ್ಟವರಲ್ಲ. ಹೋದ ಬೇಸಿಗೆಯಲ್ಲಿ ಆ ಜೋಡಿಯ ಎಡಗಡೆಯ ಎತ್ತು ಜಡ್ಡಾಗಿ ಸತ್ತಿತು. ಉಳಿದದ್ದು ಒಂಟಿಯಾಯಿತು.

ಅದಾಗಿ ಸ್ವಲ್ಪ ದಿನಕ್ಕೆ ಮಾವನವರು ಜಲನಗರದ ನಮ್ಮ ಮನೆಗೆ ಬಂದರು. ಬಂದವರೇ ನೀರು ಕುಡಿಯಲಿಲ್ಲ, ಕೂರಲಿಲ್ಲ. ತಮ್ಮ ಫೋನನ್ನು ಹೆಗಲ ಮೇಲಿನ ವಸ್ತ್ರದಲ್ಲಿ, ನಮ್ಮ ಕಡೆ ಅದಕ್ಕೆ ವಲ್ಲಿ ಅನ್ನುತ್ತೇವೆ, ಸುತ್ತಿ, ಅಡುಗೆಮನೆಗೆ ಹೋಗಿ ಜೋಳದ ಡಬ್ಬಿಯಲ್ಲಿ ಹುಗಿದು, ಮುಚ್ಚಳ ಹಾಕಿ ಬಂದು ನನ್ನ ಪಕ್ಕ ಕೂತರು.

"ಅಳಿಯಂದ್ರ, ಸಣ್ಣಂಗ ಮಾತಾಡ್ರಿ. ಅದಕ್ಕ ಕಿವಿ ಬಂದಾವು."

ಆಗಿದ್ದೇನೆಂದರೆ, ಒಂಟಿ ಎತ್ತಿನ ಸಂಕಟದಲ್ಲಿ ಅವರು ಫೋನಿನಲ್ಲಿ ಒಂದೆರಡು ಎತ್ತಿನ ವಿಡಿಯೋ ನೋಡಿದ್ದರು. ಅಷ್ಟೇ ಸಾಕಾಯಿತು. ಫೋನು ತೆರೆದರೆ ಎತ್ತು ಮಾರಾಟಕ್ಕಿದೆ, ಹಿಂಡಿ ಕೊಳ್ಳಿ, ಕೊಂಬಿಗೆ ಬಣ್ಣ ಕೊಳ್ಳಿ. ಗುರುತಿಲ್ಲದವನೊಬ್ಬ ಫೋನು ಮಾಡಿ, "ಕಾಕಾ, ಎತ್ತು ಬೇಕಾಗಿತ್ತಂತಲ್ಲ" ಎಂದೂ ಕೇಳಿದ್ದ.

"ಗರಜ ಐತಿ ಅಂತ ಗೊತ್ತಾದ್ರ ಮುಗೀತ್ರಿ" ಎಂದರು ಮಾವನವರು. "ನನಗ ಎಂಥಾದರೆ ಒಂದ ಎತ್ತು ನಡಿಯೂದಿಲ್ಲ. ಅದ ಎತ್ತರ, ಅದ ಕೊಂಬು, ಎಡಕ್ಕ ಹೂಡಿ ರೂಢಿ ಇದ್ದದ್ದು ಬೇಕು. ಹಂಗ ಹುಡಕೋದು ಮಂದಿಗೆ ತಿಳಿದ್ರ ಬೆಲಿ ಮುಗಿಲಿಗೆ ಏರಸ್ತಾರ. ಮಿರಗದ ಮಳಿ ಬಂತು, ಬಿತ್ತಬೇಕು. ಉಳದದ್ದು ಖಾಲಿ ಗೂಟ ನೋಡಕೊಂತ ನಿಂತಬಿಡತೈತ್ರಿ. ಮೇವಿಗೆ ಬಾಯಿ ಹಾಕವಲ್ಲದು. ನಾ ಅದರ ಮುಂದ ಹೋಗಾಕ ಅಂಜತೇನಿ."

ಅವರ ಕಣ್ಣು ತುಂಬಿದ್ದವು. ನನಗೂ ಕೆಡುಕೆನಿಸಿತು. ಅಲ್ಲಿಯವರೆಗೆ ನನ್ನ ಸಂಶಯವೆಲ್ಲ ಕೆಲಸವಿಲ್ಲದವನ ಸಂಶಯ. ಇವರ ಸಂಶಯಕ್ಕೆ ಕಾರಣವಿತ್ತು. ಹೇಗಾದರೂ ಮಾಡಿ ಈ ಗುಟ್ಟು ಕಾಯಬೇಕು, ಆ ಗೂಟಕ್ಕೆ ಎತ್ತು ತರಬೇಕು ಎಂದು ಅಲ್ಲೇ ನಿರ್ಧಾರ ಮಾಡಿದೆ.

ಡಬ್ಬಿಯಿಂದ ಫೋನು ತೆಗೆದು ಜೋಳ ಜಾಡಿಸಿದೆ. ಅದನ್ನು ಸುತ್ತಿದ ಬಿಳಿ ವಲ್ಲಿಯ ಹರಿದ ಮೂಲೆಗೆ ಅತ್ತೆಯವರು ತಮ್ಮ ಹಳೆಯ ಇಳಕಲ್ ಸೀರೆಯ ಕೆಂಪು ಅಂಚಿನ ತೇಪೆ ಹಚ್ಚಿದ್ದರು. ಆ ವಲ್ಲಿ ಇಲ್ಲದೆ ಮಾವನವರು ಹೊಸ್ತಿಲು ದಾಟಿದ್ದನ್ನು ನಾನು ನೋಡಿಲ್ಲ. ಫೋನಿಗೆ ಟ್ರ್ಯಾಕರ್ ತಡೆಯುವ ಆ್ಯಪ್ ಹಾಕಿದೆ, ಹೆಸರು ಕೇಳದೆ ವಿಡಿಯೋ ತೋರಿಸುವ ಓಪನ್ ಸೋರ್ಸ್ ಆ್ಯಪ್ ಹಾಕಿದೆ. ಎರಡು ದಿನದಲ್ಲಿ ಹಿಂಡಿ, ಬಣ್ಣ, ಎಲ್ಲ ನಿಂತವು. ಅದೇ ಉಮೇದಿನಲ್ಲಿ ವಿಪಿಎನ್ ಬಗ್ಗೆಯೂ ಹೇಳಿದೆ.

"ಮಾವಾರ, ಕೇಳಾವ್ರು ನೀವ ಅಂತ ಆ ಕಡಿಯವರಿಗೆ ತಿಳೀಬಾರದು ಅಂದ್ರ, ನಡುವ ಒಬ್ಬಾವ ನಿಮ್ಮ ಬದಲಿ ಹೋಗಿ ಕೇಳತಾನ. ಅವರಿಗೆ ಅವನ ಮಾರಿ ಅಷ್ಟ ಕಾಣತೈತಿ."

"ನಡುವಿನಾವ ಬಾಯಿ ಬಿಟ್ರ?"

"ಅದಕ್ಕ ಅವನ್ನ ನೋಡಿ ಆರಸಬೇಕ್ರಿ."

ಮಾವನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹಂಗಾದ್ರ ನೀವ ಹೋಗ್ರಿ."

ನನಗೆ ಎದೆ ಉಬ್ಬಿತು. "ನನ್ನ ಮ್ಯಾಲೆ ಅಷ್ಟ ನಂಬಿಗಿ ಐತೇನ್ರಿ ಮಾವಾರ?"

"ನಂಬಿಗಿ ಅಂತಲ್ರಿ. ನಿಮಗ ಎತ್ತಿನ ಬಗ್ಗೆ ಏನೂ ತಿಳೀದಿಲ್ಲ. ನೀವು ಬಾಯಿ ಬಿಟ್ರೂ ಹೊರಗ ಏನೂ ಬರೂದಿಲ್ಲ."

ಟಿಕೋಟಾದ ಗುಟ್ಟಿನ ಸವಾರಿ

ಟಿಕೋಟಾದ ಹತ್ತಿರ ಒಂದು ತೋಟದ ವಸ್ತಿಮನೆಯಲ್ಲಿ ಅಂಥ ಎತ್ತು ಇದೆ ಎಂದು ಮಾವನವರಿಗೆ ಸುಳಿವು ಸಿಕ್ಕಿತು. ಹೆಸರು ಹೇಳಬಾರದು, ಊರು ಹೇಳಬಾರದು, ಯಾರಿಗಾಗಿ ಎಂದು ಹೇಳಬಾರದು, ಮಗಳಿಗೂ ತಿಳಿಯಬಾರದು ಎಂದು ಆಣೆ ಹಾಕಿಸಿ ನನ್ನನ್ನು ಕಳಿಸಿದರು.

ನಾನು ಲೊಕೇಶನ್ ಮುಚ್ಚಿ, ಓಪನ್ ಸೋರ್ಸ್ ನಕ್ಷೆ ತೆರೆದು ಸ್ಕೂಟರ್ ಹತ್ತಿದೆ. ಆ ನಕ್ಷೆ ಪ್ರಾಮಾಣಿಕ, ನಾನು ಎಲ್ಲಿದ್ದೇನೆಂದು ಯಾರಿಗೂ ಹೇಳುವುದಿಲ್ಲ. ಟಿಕೋಟಾ ದಾಟಿ ದ್ರಾಕ್ಷಿ ತೋಟಗಳ ನಡುವಿನ ಕಚ್ಚಾ ಹಾದಿಗೆ ಇಳಿದ ಮೇಲೆ ನನಗೂ ಹೇಳಲಿಲ್ಲ. ವಿಧಿಯಿಲ್ಲದೆ ತಿರುಗಿ ಬಂದು ಚಹಾದಂಗಡಿಯಲ್ಲಿ ಕೇಳಿದೆ.

"ಎಡಕ್ಕ ಹೂಡೂ ಬಿಳೀ ಖಿಲಾರಿ ಎತ್ತು, ಕೊಂಬು ಹಿಂದಕ್ಕ ಬಾಗಿದ್ದು, ಈ ಕಡಿ ಯಾರ ವಸ್ತಿಯೊಳಗ ಐತ್ರಿ?"

"ನೀವ್ಯಾರು?"

"ಅದನ್ನ ಹೇಳಾಕ ಬರೂದಿಲ್ರಿ."

"ಯಾವೂರು?"

"ಅದೂ ಬರೂದಿಲ್ಲ."

"ಎತ್ತು ಯಾರಿಗೆ?"

"ಯಾರಿಗೂ ಅಲ್ರಿ. ಸುಮ್ಮ ನೋಡಾಕ."

ಅಂಗಡಿಯೊಳಗಿನವರೆಲ್ಲ ಚಹಾ ಬಿಟ್ಟು ಎದ್ದು ಹೊರಗೆ ಬಂದು ನನ್ನನ್ನು ನೋಡಿದರು. ಒಬ್ಬ ನನ್ನ ಸ್ಕೂಟರಿನ ಸುತ್ತ ತಿರುಗಿ ಬಂದ. ಹೀಗೆಯೇ ಇನ್ನೂ ನಾಲ್ಕಾರು ಕಡೆ ಕೇಳುತ್ತ ಕೇಳುತ್ತ ವಸ್ತಿ ಮುಟ್ಟಿದೆ. ಎತ್ತಿನ ಮಾಲೀಕ ಬಾಗಿಲಲ್ಲೇ ನಿಲ್ಲಿಸಿದ. "ಹೆಸರ ಇಲ್ಲದಾವ್ರಿಗೆ ನಾ ಎತ್ತು ತೋರಸೂದಿಲ್ಲ. ದೃಷ್ಟಿ ಹಾಕಿ ಹೋಗತಾರ" ಎಂದು ಒಳಗೆ ಹೋದ.

ಅಷ್ಟರಲ್ಲಿ ಹೆಂಡತಿಯ ಫೋನು ಬಂತು. "ಎಲ್ಲಿದ್ದೀರಿ?"

"ಫೋನಿನಾಗ ಹೇಳಾಕ ಬರೂದಿಲ್ಲ."

"ಯಾರ ಜೋಡಿ ಇದ್ದೀರಿ?"

"ಅದೂ ಬರೂದಿಲ್ಲ."

ಫೋನು ಇಟ್ಟಳು. ಮನೆಗೆ ಬಂದರೆ ಬಾಗಿಲಲ್ಲೇ ನಿಂತಿದ್ದಳು. ಆಣೆ ದೊಡ್ಡದೋ ಸಂಸಾರ ದೊಡ್ಡದೋ? ನಿಜ ಹೇಳಿಬಿಟ್ಟೆ. "ಎತ್ತು ನೋಡಾಕ ಟಿಕೋಟಾಕ್ಕ ಹೋಗಿದ್ದೆ."

"ಎತ್ತು? ನೀವು?" ಅವಳು ನನ್ನನ್ನು ದಿಟ್ಟಿಸಿ ನೋಡಿದಳು. "ನೋಡ್ರಿ, ಸುಳ್ಳ ಹೇಳೂದಾದ್ರ ನಂಬುವಂಥಾದ್ದ ಹೇಳ್ರಿ."

ವಲ್ಲಿಯ ಕೆಳಗೆ

ಮುಂದಿನ ವಾರ ಸುದ್ದಿ ಬಂತು. ಆ ಎತ್ತನ್ನು ಒಬ್ಬ ದಲಾಲಿ ಕೊಂಡು ಬಬಲೇಶ್ವರದ ಸಂತೆಗೆ ತರುತ್ತಾನಂತೆ. ಮಾವನವರ ಜೀವ ಹಾರಿತು. ಆ ದಲಾಲಿ ಅವರಿಗೆ ಹಳೆಯ ಪರಿಚಯ.

"ನನ್ನ ಮಾರಿ ಕಂಡ್ರ ಸಾಕು, ಅವಗ ಎಲ್ಲಾ ತಿಳೀತೈತಿ. ನೀವ ಯವಾರ ಮಾಡ್ರಿ. ನಾ ದೂರ ಕುಂಡ್ರತೇನಿ."

ದನದ ಯವಾರ ಬಾಯಲ್ಲಿ ನಡೆಯುವುದಿಲ್ಲ. ಕೊಡುವವನೂ ಕೊಳ್ಳುವವನೂ ಕೈ ಮೇಲೆ ವಲ್ಲಿ ಹೊದಿಸಿಕೊಂಡು, ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಐದೂ ಸೇರಿಸಿ ಹಿಡಿದರೆ ಐದು. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ನಾನು ಇಷ್ಟು ವರ್ಷ ಫೋನಿನಲ್ಲಿ ಹುಡುಕಿದ ಗುಟ್ಟಿನ ಮಾತು ನಮ್ಮ ಕಡೆಯ ಸಂತೆಯಲ್ಲೇ ಇತ್ತು.

ಸಂತೆಯ ಹಿಂದಿನ ದಿನ ಮಾವನವರು ನಮ್ಮ ಮನೆಯ ಮಂಚದ ಮೇಲೆ ಕೂತು ನನಗೆ ಕಲಿಸಿದರು. ಒಂದು ತೊಂದರೆ ಎದುರಾಯಿತು. ನನಗೆ ಅಂಗೈಯಲ್ಲಿ ವಿಪರೀತ ಕಚಗುಳಿ. ಅವರು ಬೆರಳು ಒತ್ತಿದಂತೆಲ್ಲ ನಾನು ಕಿಸಿಕಿಸಿ ನಗುತ್ತಿದ್ದೆ. ಹೆಂಡತಿ ಒಳಗಿನಿಂದ ಬಂದು ನೋಡಿದರೆ, ಅಪ್ಪ ಮತ್ತು ಗಂಡ ಒಂದೇ ವಲ್ಲಿಯೊಳಗೆ ಕೈ ಕೈ ಹಿಡಿದು ಕೂತಿದ್ದಾರೆ, ಗಂಡ ನುಲಿದಾಡಿ ನಗುತ್ತಿದ್ದಾನೆ.

"ಯಪ್ಪಾ, ಏನ ನಡಸೀರಿ ಇಬ್ಬರೂ?"

"ನೀ ಒಳಗ ನಡಿ ಬೇ, ಇದು ಗಂಡಸರ ಮಾತು" ಎಂದರು ಮಾವನವರು. ಅವಳು ಹೋದಳು, ಆದರೆ ಅಡುಗೆಮನೆಯ ಬಾಗಿಲಿನಿಂದ ಇಣುಕುವುದನ್ನು ಬಿಡಲಿಲ್ಲ.

ಸಂತೆಯ ದಿನ ಇಬ್ಬರೂ ಸ್ಕೂಟರ್ ಮೇಲೆ ಹೋದೆವು. ಮಾಸ್ತರನ ಹೆಗಲ ಮೇಲೆ ವಲ್ಲಿ ಎಲ್ಲಿಂದ ಬರಬೇಕು? ಮಾವನವರು ತಮ್ಮದನ್ನೇ ತೆಗೆದು ನನ್ನ ಹೆಗಲಿಗೆ ಹಾಕಿದರು. ಅವರ ಮುಖ ಮರೆಸಲು ಈಗ ಏನೂ ಉಳಿಯಲಿಲ್ಲ. "ನಿಮ್ಮ ಹೆಲ್ಮೆಟ್ ಕೊಡ್ರಿ" ಎಂದು ಇಸಿದುಕೊಂಡು, ಗಾಜು ಕೆಳಗೆಳೆದು, ದೂರದ ಬೇವಿನ ಗಿಡದ ಬುಡದಲ್ಲಿ ನನ್ನ ಕಡೆ ಮುಖ ಮಾಡಿ ಕೂತರು.

ಎತ್ತು ನೋಡಿದೆ. ಮಾವನವರು ವರ್ಣಿಸಿದ ಹಾಗೆಯೇ ಇತ್ತು. ಸಿಗದೆ ಹೋದರೆ ಆ ಖಾಲಿ ಗೂಟದ ಮುಂದೆ ಇವರು ಹೇಗೆ ಹೋಗಿ ನಿಂತಾರು ಎಂಬ ಚಿಂತೆ ಹತ್ತಿತು. ಗರಜು ತೋರಿಸಬಾರದೆಂದು ಮುಖ ಸಿಂಡರಿಸಿ ವಲ್ಲಿ ಹೊದಿಸಿದೆ. ದಲಾಲಿ ಕೆಳಗೆ ಕೈ ಹಾಕಿ ಬೆರಳು ಹಿಡಿದು ಅಂಗೈ ಒತ್ತಿದ.

ನಾನು ಖೊಳ್ಳನೆ ನಕ್ಕೆ.

ದಲಾಲಿ ತುಟಿ ಬಿಗಿಹಿಡಿದ. "ಯಾಕ್ರಿ, ಜಾಸ್ತಿ ಆತೇನು?" ಒಂದು ಬೆರಳು ಬಿಟ್ಟ. ಬಿಡುವಾಗ ಮತ್ತೆ ಕಚಗುಳಿ, ಮತ್ತೆ ನಕ್ಕೆ. ಇನ್ನೊಂದು ಬಿಟ್ಟ. ಸುತ್ತ ನಿಂತ ಮಂದಿ ಒಬ್ಬರಿಗೊಬ್ಬರು, "ಭಾಳ ಗಟ್ಟಿ ಗಿರಾಕಿ, ಬೆಲಿ ಕೇಳಿ ನಗತಾನ" ಎಂದುಕೊಳ್ಳುತ್ತಿದ್ದರು. ಕಣ್ಣಲ್ಲಿ ನೀರು ಬರುವ ಹೊತ್ತಿಗೆ, ಮಾವನವರು ಹೇಳಿಕೊಟ್ಟ ಬೆಲೆಗಿಂತಲೂ ಕೆಳಗೆ ಯವಾರ ಮುಗಿಯಿತು. ಹಗ್ಗ ನನ್ನ ಕೈಗೆ ಬಂತು. ಎತ್ತು ಯಾರಿಗಾಗಿ ಎಂದು ಒಬ್ಬರಿಗೂ ಸುಳಿವು ಹತ್ತಲಿಲ್ಲ! ಇಷ್ಟು ವರ್ಷದ ನನ್ನ ಸಂಶಯಕ್ಕೆ ಅಂದು ಬೆಲೆ ಬಂತು ಎನಿಸಿತು.

ದಲಾಲಿ ವಲ್ಲಿಯನ್ನು ಮಡಚಿ ಕೊಡುತ್ತ ಅದರ ಮೂಲೆಯ ಕೆಂಪು ಅಂಚನ್ನು ಸವರಿದ. "ಮಮದಾಪುರದ ಕಾಕಾ ಆರಾಮ ಅದಾರೇನ್ರಿ?"

"ಯಾವ ಕಾಕಾ?" ಎಂದೆ.

"ಈ ವಲ್ಲಿ ಕೆಳಗ ಎಷ್ಟ ವರ್ಷ ಅವರ ಬೆರಳ ಹಿಡದೇನಿ, ನನಗ ತಿಳೀದಿಲ್ಲೇನು? ಸತ್ತ ಎತ್ತು ನಾನ ಕೊಟ್ಟದ್ದಿತ್ತು. ಅಂಥಾದ್ದ ಒಂದು ಎತ್ತು ಕೇಳಕೊಂತ, ಹೆಸರ ಹೇಳದಾವ ಒಬ್ಬಾವ ಸ್ಕೂಟರ್ ಮ್ಯಾಲೆ ಟಿಕೋಟಾ ತುಂಬ ತಿರಗ್ಯಾಡ್ಯಾನ ಅಂತ ಸುದ್ದಿ ಬಂತು. ನೀವು ಹೆಸರ ಹೇಳಿದ್ರ ಯಾರೂ ನೆನಪ ಇಡತಿದ್ದಿಲ್ರಿ ಮಾಸ್ತರ. ಕಾಕಾನ ಸಲುವಾಗಿ ಅಂತ ಆಗಲೇ ತಿಳೀತು, ಹೋಗಿ ತಂದ ಇಟ್ಟೆ."

ನನಗೆ ಒಮ್ಮೆಗೇ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. "ಮತ್ತ ಬೆಲಿ ಯಾಕ ಇಳಿಸಿದ್ರಿ?"

"ನೀವು ನಕ್ಕಾಗೆಲ್ಲ ನನಗೂ ನಗಿ ಬರತಿತ್ರಿ. ನಗಿ ತಡಕೊಂಡು ಯವಾರ ಮಾಡಾಕ ಬರೂದಿಲ್ಲ."

ಆಮೇಲೆ ಅವನು ಬೇವಿನ ಗಿಡದ ಕಡೆ ತಿರುಗಿದ. ಉರಿಬಿಸಿಲಿನ ಹೊತ್ತಿನಲ್ಲಿ ಧೋತರ ಉಟ್ಟು, ತಲೆಗೆ ಹೆಲ್ಮೆಟ್ ಹಾಕಿ ಕೂತ ಮನುಷ್ಯನ ಸುತ್ತ ಅರ್ಧ ಸಂತೆಯೇ ನೆರೆದಿತ್ತು. ದಲಾಲಿ ಬಾಯಿಗೆ ಕೈ ಹಿಡಿದು ಕೂಗಿದ:

"ಕಾಕಾ, ಹೆಲ್ಮೆಟ್ ತಗದ ಬರ್ರಿ! ಎತ್ತಿಗೆ ನಿಮ್ಮ ಗುರುತ ಆಗಬೇಕಲ್ಲ!"

ಹೆಲ್ಮೆಟ್ ಅಲುಗಾಡಲಿಲ್ಲ. ಗಾಜಿನ ಒಳಗಿನಿಂದ ಮಾವನವರ ದನಿ ಬಂತು:

"ನಾ ಅಲ್ಲ ಅದು!"